ಎರಡೂ ಬದಿ ಸಿಂಹ ಇರುವ ದಪ್ಪ ಐದು ರೂಪಾಯಿ: ಟಂಕಸಾಲೆಯ ತಪ್ಪೋ, ಲೇತ್‌ನ ಕೈಚಳಕವೋ?

ಚಿಲ್ಲರೆಡಬ್ಬಿ ಕೇಳಿದ್ದು:

ನಮಸ್ಕಾರ. ಅಂಗಡಿಯ ಚಿಲ್ಲರೆಯಲ್ಲಿ ಬಂದ ಹಳೆಯ ದಪ್ಪ ಐದು ರೂಪಾಯಿ ನಾಣ್ಯ ಇದು. ಎರಡೂ ಬದಿಯಲ್ಲಿ ಅಶೋಕ ಸ್ತಂಭದ ಸಿಂಹವೇ ಇದೆ. ದೊಡ್ಡ 5, ಅದರ ಅಕ್ಕಪಕ್ಕ ಹೂವು ಇರುವ ಮಾಮೂಲಿ ಹಿಂಬದಿ ಇಲ್ಲವೇ ಇಲ್ಲ. ಇಸವಿಯೂ ಟಂಕಸಾಲೆಯ ಗುರುತೂ ಆ ಬದಿಯಲ್ಲೇ ಇರುವುದರಿಂದ ಅವೂ ಸಿಗುತ್ತಿಲ್ಲ.

ಅಳತೆಗಳು ಹೀಗಿವೆ. ತೂಕ 8.37 ಗ್ರಾಂ (0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ). ವ್ಯಾಸ 23.0 ಮಿ.ಮೀ. ದಪ್ಪ, ಹೋಲಿಕೆಗೆ ಇಟ್ಟುಕೊಂಡ 1999ರ ನಾಣ್ಯದಷ್ಟೇ. ವರ್ನಿಯರ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಚಿನ ಗೀರುಗಳೂ ನಡುವಿನ ತೋಡೂ ಸರಿಯಾಗಿವೆ. ಮೇಜಿನ ಮೇಲೆ ಬೀಳಿಸಿದರೆ 1999ರದು ಟಣ್ ಎನ್ನುತ್ತದೆ, ಇದು ಟಕ್ ಅಂತ ಸುಮ್ಮನಾಗುತ್ತದೆ. ಇನ್ನೊಂದು ವಿಚಿತ್ರ: ಒಂದು ಬದಿಯ ಸಿಂಹದ ಕೆಳಗೆ 5 ಎಂಬ ಅಂಕಿ ಮತ್ತು ರೂಪಾಯಿ ಎಂಬ ಪದ ಇದೆ, ಇನ್ನೊಂದು ಬದಿಯಲ್ಲಿ ಇಲ್ಲ. ಪಕ್ಕಕ್ಕೆ ತಿರುಗಿಸಿ ನೋಡಿದರೆ ಎರಡನೇ ಸಿಂಹ ಸ್ವಲ್ಪ ಬಲಕ್ಕೆ ವಾಲಿದೆ.

ಇದು ಟಂಕಸಾಲೆಯಲ್ಲೇ ಆದ ತಪ್ಪು ಇರಬಹುದೇ? ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಲಕ್ಷದ ಮಾತಾಡುತ್ತಿದ್ದಾರೆ. ನಾಣ್ಯಕ್ಕೆ ಹಾನಿ ಮಾಡದೆ ಖಚಿತಪಡಿಸಿಕೊಳ್ಳುವುದು ಹೇಗೆ?

---

ಬಿಲ್ಲೆಗಾರ ಉತ್ತರ:

ಲಕ್ಷದ ಮಾತು ಬದಿಗಿಡಿ ಸರ್. ನಿಮ್ಮ ತಕ್ಕಡಿಯೇ ಅರ್ಧ ಉತ್ತರ ಕೊಟ್ಟಿದೆ. 1992ರಿಂದ ಬಂದ ಈ ತಾಮ್ರ-ನಿಕ್ಕಲ್ ಐದು ರೂಪಾಯಿಯ ನಿಗದಿತ ತೂಕ 9.00 ಗ್ರಾಂ, ವ್ಯಾಸ 23 ಮಿ.ಮೀ. ನಿಮ್ಮದರಲ್ಲಿ 0.63 ಗ್ರಾಂ ಕಡಿಮೆ, ಅಂದರೆ ನೂರಕ್ಕೆ ಏಳರಷ್ಟು. ಸವೆತದಿಂದ ಅಷ್ಟು ಹೋಗಿದ್ದರೆ ಸಿಂಹದ ಕೇಸರ ಮಾಯವಾಗಿ, "ಸತ್ಯಮೇವ ಜಯತೇ" ಓದಲು ಪರದಾಡಬೇಕಿತ್ತು. ದಪ್ಪವೂ ಇಳಿಯಬೇಕಿತ್ತು.

ಇಂಥ ಜೋಡಿಮುಖದ ನಾಣ್ಯವನ್ನು ಎರಡು ರೀತಿ ಮಾಡುತ್ತಾರೆ. ಒಂದು, ಎರಡು ನಾಣ್ಯಗಳನ್ನು ಅರ್ಧ ದಪ್ಪಕ್ಕೆ ಸವೆಸಿ ಬೆನ್ನಿಗೆ ಬೆನ್ನು ಅಂಟಿಸುವುದು. ಆಗ ಬೆಸುಗೆಯ ಗೆರೆ ಅಂಚಿನ ಸುತ್ತ ಬರುತ್ತದೆ. ಮಿಕ್ಕ ನಾಣ್ಯಗಳಲ್ಲಿ ಅದು ಎದ್ದು ಕಾಣುತ್ತದೆ, ಆದರೆ ಈ ಐದು ರೂಪಾಯಿಯ ಅಂಚಿನ ನಡುವೆ ತೋಡು ಇರುವುದರಿಂದ ಗೆರೆ ಅದರೊಳಗೇ ಅಡಗಿಬಿಡುತ್ತದೆ. ಪತ್ತೆ ಮಾಡಲು ಗೆರೆ ಹುಡುಕಬೇಡಿ. ತೋಡಿನ ಮೇಲಿನ ಗೀರು ಮತ್ತು ಕೆಳಗಿನ ಗೀರು ಒಂದೇ ಸಾಲಿನಲ್ಲಿವೆಯೇ ನೋಡಿ. ಎರಡು ಬೇರೆ ನಾಣ್ಯದ ಗೀರುಗಳನ್ನು ಸುತ್ತಲೂ ಹೊಂದಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. ಎಲ್ಲೋ ಒಂದು ಕಡೆ ತಪ್ಪಿಯೇ ಇರುತ್ತದೆ.

ಎರಡನೆಯದು ಬಟ್ಟಲು-ಮುಚ್ಚಳದ ರೀತಿ. ಒಂದು ನಾಣ್ಯದ ಒಂದು ಮುಖವನ್ನು ಲೇತ್‌ನಲ್ಲಿ ಕೊರೆದು, ಸುತ್ತಲಿನ ಉಬ್ಬು ಅಂಚನ್ನು ಮಾತ್ರ ಉಳಿಸಿ ಬಟ್ಟಲಾಗಿಸುತ್ತಾರೆ. ಇನ್ನೊಂದನ್ನು ಆ ಬಟ್ಟಲಿಗೆ ಕೂರುವ ಹಾಗೆ ಸುತ್ತಲೂ ಕಡೆದು, ಬೆನ್ನು ತೆಳು ಮಾಡಿ ಒತ್ತಿ ಕೂರಿಸುತ್ತಾರೆ. ಇದರಲ್ಲಿ ಹೊರ ಅಂಚು ಪೂರಾ ಅಸಲಿ. ಹಾಗಾಗಿ "ಅಂಚು ಸರಿಯಾಗಿದೆ, ನಾಣ್ಯ ಅಸಲಿ" ಎನ್ನುವವರನ್ನು ನಂಬಬೇಡಿ. ಗೆರೆ ಇರುವುದು ಮುಖದ ಮೇಲೆ, ಉಬ್ಬು ಅಂಚು ಇಳಿದು ಸಮತಟ್ಟು ಶುರುವಾಗುವ ಮೂಲೆಯಲ್ಲಿ, ಅದೂ ಒಂದೇ ಬದಿಯಲ್ಲಿ.

ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್ ಹಿಡಿದು, ಮೊಬೈಲ್ ಟಾರ್ಚನ್ನು ಮೇಲಿಂದಲ್ಲ, ಮೇಜಿನ ಮಟ್ಟದಲ್ಲಿ ಪಕ್ಕದಿಂದ ಹಾಯಿಸಿ, ನಾಣ್ಯವನ್ನು ನಿಧಾನವಾಗಿ ಸುತ್ತಿಸಿ. ಮೂಲೆಯಲ್ಲಿ ಕೂದಲೆಳೆಯಂಥ ಕಪ್ಪು ಅಥವಾ ಹಸಿರು ಗೆರೆ ಅಲ್ಲಲ್ಲಿ ಕಂಡರೂ ಸಾಕು. ಹೊಲಿಗೆ ಸೂಜಿಯ ತುದಿಯನ್ನು ಸಮತಟ್ಟಿನಿಂದ ಅಂಚಿನ ಕಡೆಗೆ ಒತ್ತದೆ ಎಳೆದರೆ ಅಲ್ಲಿ ತಡೆಯುತ್ತದೆ.

ನೋಡುವ ಮೊದಲು ಹೊಳಪು ಬರಲಿ ಎಂದು ಹುಣಸೆಹಣ್ಣು, ನಿಂಬೆ, ಪಾತ್ರೆ ಪುಡಿ ಹಾಕಬೇಡಿ. ಗೆರೆಯಲ್ಲಿ ಕೂತ ಕೊಳೆಯೇ ನಮಗೆ ಬೇಕಾದ ಸಾಕ್ಷಿ. ಅಕಸ್ಮಾತ್ ಅಸಲಿ ತಪ್ಪಿನ ನಾಣ್ಯವೇ ಆಗಿದ್ದರೆ ಉಜ್ಜಿದ ಕೂಡಲೇ ಅದರ ಬೆಲೆ ಹೋಯಿತು.

---

ಹಳೆಕಾಸು_ಸಂಗ್ರಾಹಕಿ ಉತ್ತರ:

ಬಿಲ್ಲೆಗಾರರೇ, ಸ್ವಲ್ಪ ತಡೆಯಿರಿ. ಹೊಂದದ ಎರಡು ಅಚ್ಚುಗಳು ಒಂದೇ ಯಂತ್ರಕ್ಕೆ ಸೇರಿ ನಾಣ್ಯ ಹೊರಬಿದ್ದದ್ದು ಲೋಕದಲ್ಲಿ ಉಂಟು. 2000ನೇ ಇಸವಿಯಲ್ಲಿ ಅಮೆರಿಕದಲ್ಲಿ ಕಾಲು ಡಾಲರಿನ ವಾಷಿಂಗ್ಟನ್ ಮುಖ, ಹಿಂಬದಿಯಲ್ಲಿ ಒಂದು ಡಾಲರಿನ ಹದ್ದು ಇರುವ ನಾಣ್ಯಗಳು ಚಲಾವಣೆಗೇ ಬಂದಿದ್ದವು. ಇವರು ಹೇಳುತ್ತಿರುವ ಎರಡು ಸಿಂಹಗಳು ಒಂದೇ ಥರ ಇಲ್ಲ. ಸಿಂಹದ ಕೆಳಗೆ ಬೆಲೆ ಬರೆದಿರುವುದು ಸ್ಮರಣಾರ್ಥ ನಾಣ್ಯಗಳ ಮುಂಬದಿ. ಅಲ್ಲಿ ಹಿಂಬದಿಯನ್ನು ವ್ಯಕ್ತಿ ಅಥವಾ ಸಂದರ್ಭದ ಚಿತ್ರಕ್ಕೆ ಬಿಟ್ಟುಕೊಡುವುದರಿಂದ ಬೆಲೆ ಸಿಂಹದ ಕೆಳಗೆ ಇಳಿಯುತ್ತದೆ. ಮಾಮೂಲಿ ನಾಣ್ಯದ ಸಿಂಹದ ಅಚ್ಚು ಮತ್ತು ಸ್ಮರಣಾರ್ಥ ನಾಣ್ಯದ ಸಿಂಹದ ಅಚ್ಚು ಎದುರುಬದುರು ಕೂತಿರಬಾರದೇಕೆ? ತೂಕ ಕಡಿಮೆ ಇರುವುದಕ್ಕೆ ತೆಳುವಾದ ತಗಡಿನಿಂದ ಕತ್ತರಿಸಿದ ಬಿಲ್ಲೆ ಎಂಬ ಕಾರಣವೂ ಇದೆ. ಎರಡನೇ ಸಿಂಹ ವಾಲಿರುವುದು ಅಚ್ಚು ಸಡಿಲಾಗಿ ತಿರುಗಿದ್ದರಿಂದ ಆಗಿರಬಹುದು. ನೋಡದೆ ಲೇತ್ ಕೆಲಸ ಎಂದು ತೀರ್ಪು ಕೊಡುವುದು ಬೇಡ.

---

ಲೇತ್‌ಮೇಸ್ತ್ರಿ ಉತ್ತರ:

ಮೇಡಂ ಹೇಳಿದ್ದರಲ್ಲಿ ವಾಲಿರುವ ವಿಷಯ ಒಪ್ಪುತ್ತೇನೆ. ನಮ್ಮ ನಾಣ್ಯಗಳನ್ನು ಪಕ್ಕಕ್ಕೆ ತಿರುಗಿಸಿದರೆ ಎರಡೂ ಬದಿ ನೆಟ್ಟಗೆ ನಿಲ್ಲಬೇಕು, ಆದರೆ ಅಚ್ಚು ತಿರುಗಿದ ಅಸಲಿ ನಾಣ್ಯಗಳೂ ಇವೆ. ಅದರಿಂದ ಏನೂ ತೀರ್ಮಾನ ಆಗುವುದಿಲ್ಲ. ಆದರೆ ತೆಳು ಬಿಲ್ಲೆಯ ವಾದ ನಿಲ್ಲದು. ಬಿಲ್ಲೆ ನೂರಕ್ಕೆ ಏಳು ಭಾಗ ತೆಳುವಾಗಿದ್ದರೆ ನಾಣ್ಯವೂ ತೆಳುವಾಗಬೇಕು, ಇಲ್ಲವೇ ಅಂಚೂ ಅಕ್ಷರವೂ ಪೂರ್ತಿ ತುಂಬದೆ ಮಂಕಾಗಬೇಕು. ಇಲ್ಲಿ ಅಗಲ ಅಷ್ಟೇ, ದಪ್ಪ ಅಷ್ಟೇ, ತೂಕ ಮಾತ್ರ ಇಲ್ಲ. ಹೊರಗಡೆ ಕಡಿಮೆಯಾಗದ್ದು ಒಳಗಡೆ ಕಡಿಮೆಯಾಗಿದೆ. ಅಂದರೆ ಪೊಳ್ಳು.

ಪೊಳ್ಳು ಇರುವುದೇಕೆ ಎಂದರೆ, ಬಟ್ಟಲು ಕೊರೆಯುವ ಟೂಲಿನ ಮೂತಿ ಚೂಪಾಗಿರುವುದಿಲ್ಲ. ಬಟ್ಟಲಿನ ಒಳಮೂಲೆ ಗುಂಡಗೆ ಉಳಿಯುತ್ತದೆ. ಮುಚ್ಚಳ ಅಲ್ಲಿ ಎತ್ತಿ ಹಿಡಿಯದಿರಲಿ ಎಂದು ಅದರ ಕೆಳ ಅಂಚನ್ನು ಓರೆ ಹೊಡೆಯುತ್ತಾರೆ, ತಳವನ್ನೂ ಚೂರು ಹೆಚ್ಚು ಆಳ ಕೊರೆಯುತ್ತಾರೆ. ಲೆಕ್ಕ ಹಾಕಿ ನೋಡಿ. ಈ ಮಿಶ್ರಲೋಹದ ಸಾಂದ್ರತೆ ಘನ ಸೆಂ.ಮೀ.ಗೆ ಸುಮಾರು 8.9 ಗ್ರಾಂ. 0.63 ಗ್ರಾಂ ಎಂದರೆ 0.07 ಘನ ಸೆಂ.ಮೀ. ಲೋಹ. ಬಟ್ಟಲಿನ ಒಳವ್ಯಾಸ 21 ಮಿ.ಮೀ. ಎಂದುಕೊಂಡರೆ ತಳದಲ್ಲಿ 0.2 ಮಿ.ಮೀ. ಸಂದು ಬಿಟ್ಟರೆ ಇಷ್ಟು ಹೋಗುತ್ತದೆ. ಕೈಲೇತ್‌ನಲ್ಲಿ ಕೂರಿಸಿದ ಕೆಲಸಕ್ಕೆ ಸಹಜವಾದ ಅಂತರ. ಟಣ್ ಬದಲು ಟಕ್ ಎನ್ನುವುದಕ್ಕೂ ಅದೇ ಕಾರಣ: ಎರಡು ತುಂಡು ಒಂದಕ್ಕೊಂದು ತಾಗಿ ಕಂಪನವನ್ನು ನುಂಗುತ್ತವೆ.

ಮೇಡಂಗೆ ಒಪ್ಪಿಗೆಯಾಗುವ ಪರೀಕ್ಷೆ ನೀರಿನದು. ಸಣ್ಣ ಪ್ಲಾಸ್ಟಿಕ್ ಲೋಟಕ್ಕೆ ಅರ್ಧ ತಣ್ಣೀರು ಹಾಕಿ, ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ ಬಿಡಿ. ಇಲ್ಲದಿದ್ದರೆ ನಾಣ್ಯದ ಮೈಗೆ ಗುಳ್ಳೆ ಅಂಟಿ ಲೆಕ್ಕ ಕೆಡುತ್ತದೆ. ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯವನ್ನು ತೆಳು ನೈಲಾನ್ ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಗೋಡೆಗೂ ತಾಗದಂತೆ ಕೈಯಲ್ಲಿ ಹಿಡಿದಿಡಿ. ಹತ್ತಿ ನೂಲು ಬೇಡ, ಅದು ನೀರು ಕುಡಿಯುತ್ತದೆ. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಅಷ್ಟು ಘನ ಸೆಂ.ಮೀ. ನಾಣ್ಯದ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿ.

ಎಡವುವುದು ಇಲ್ಲೇ: ನಾಣ್ಯವನ್ನು ಮುಳುಗಿಸಿದ ಕೂಡಲೇ ಅಂಕಿ ಓದಬೇಕು. ನಿಧಾನ ಮಾಡಿದರೆ ಸಂದಿನೊಳಗೆ ನೀರು ಹೊಕ್ಕು, ಪೊಳ್ಳು ಭಾಗ ಲೆಕ್ಕದಿಂದ ಜಾರಿ, ಸಾಂದ್ರತೆ ಅಸಲಿಯ ಹತ್ತಿರಕ್ಕೆ ಬಂದುಬಿಡುತ್ತದೆ. ಎಷ್ಟೋ ಜನ "ನೀರಿನ ಪರೀಕ್ಷೆಯಲ್ಲಿ ಪಾಸಾಯಿತು" ಎನ್ನುವುದು ಈ ತಪ್ಪಿನಿಂದ. 0.01 ಗ್ರಾಂ ತಕ್ಕಡಿಯಲ್ಲಿ ಇಷ್ಟು ಸಣ್ಣ ವಸ್ತುವಿಗೆ ನೂರಕ್ಕೆ ಒಂದರಷ್ಟು ಹೆಚ್ಚುಕಡಿಮೆ ಬರುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. 1999ರ ನಾಣ್ಯವನ್ನೂ ಇದೇ ರೀತಿ ಅಳೆದು ಪಕ್ಕದಲ್ಲಿಡಿ.

ಅದಾದ ಮೇಲೆ ನಾಣ್ಯವನ್ನು ಕೈ ಅದ್ದಬಹುದಾದಷ್ಟು ಬಿಸಿಯಾದ ನೀರಿಗೆ ಹಾಕಿ ಹತ್ತು ನಿಮಿಷ ನೋಡುತ್ತಿರಿ. ಒಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗಿ ಗೆರೆಯಿಂದ ಗುಳ್ಳೆಯಾಗಿ ಬರುತ್ತದೆ. ತೆಗೆದು, ಹೊರಮೈ ಚೆನ್ನಾಗಿ ಒರೆಸಿ ಮತ್ತೆ ತೂಗಿ. ಗಟ್ಟಿ ಲೋಹ ನೀರು ಕುಡಿಯುವುದಿಲ್ಲ.

---

ಚಿಲ್ಲರೆಡಬ್ಬಿ ಉತ್ತರ:

ಮೇಸ್ತ್ರಿಗಳು ಹೇಳಿದ ಹಾಗೇ ಮಾಡಿದೆ. 1999ರ ನಾಣ್ಯ: ಒಣ ತೂಕ 8.97, ನೀರಿನಲ್ಲಿ 1.00, ಸಾಂದ್ರತೆ 8.97. ಜೋಡಿಸಿಂಹ: ಒಣ ತೂಕ 8.37, ಮುಳುಗಿಸಿದ ತಕ್ಷಣ 1.01, ಸಾಂದ್ರತೆ 8.29.

ಬಿಸಿನೀರಿನಲ್ಲಿ 5 ಎಂಬ ಅಂಕಿ ಇರುವ ಬದಿಯಿಂದ, ಸುತ್ತಳತೆಯ ಕಾಲು ಭಾಗದಷ್ಟು ಜಾಗದಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲಾಗಿ ಬಂದವು. ಒರೆಸಿ ತೂಗಿದರೆ 8.41. ಅಂದರೆ 0.04 ಗ್ರಾಂ ನೀರು ಒಳಗೆ ಹೋಗಿದೆ. ಗುಳ್ಳೆ ಬಂದ ಜಾಗವನ್ನು ಪಕ್ಕದ ಬೆಳಕಿನಲ್ಲಿ ನೋಡಿದಾಗ ಗೆರೆ ಕಂಡಿತು, ಸೂಜಿಯೂ ತಡೆಯಿತು. ಅಂಚಿನ ಗೀರುಗಳು ತೋಡಿನ ಮೇಲೂ ಕೆಳಗೂ ಒಂದೇ ಸಾಲಿನಲ್ಲಿವೆ.

---

ಹಳೆಕಾಸು_ಸಂಗ್ರಾಹಕಿ ಉತ್ತರ:

ನನ್ನ ವಾದ ವಾಪಸ್ 🙂 ಅಮೆರಿಕದ ಆ ನಾಣ್ಯಗಳು ಒಂದೇ ಬಿಲ್ಲೆಯ ಮೇಲೆ ಒತ್ತಿದವು, ಗುಳ್ಳೆ ಬಿಡುವ ಪ್ರಶ್ನೆಯೇ ಇಲ್ಲ.

---

ಬಿಲ್ಲೆಗಾರ ಉತ್ತರ:

ಹಾಗಾದರೆ ಬಟ್ಟಲು ಮಾಮೂಲಿ ಐದು ರೂಪಾಯಿಯದು: ಅದರ ಸಿಂಹ ಉಳಿಸಿಕೊಂಡು, ಇಸವಿ ಇದ್ದ ಹಿಂಬದಿಯನ್ನು ಕೊರೆದಿದ್ದಾರೆ. ಮುಚ್ಚಳ ಯಾವುದೋ ಸ್ಮರಣಾರ್ಥ ಐದು ರೂಪಾಯಿಯ ಮುಂಬದಿ. ಮಾಡಿದವರು ಕೈಗೆ ಸಿಕ್ಕ ಎರಡು ದಪ್ಪ ನಾಣ್ಯ ತೆಗೆದುಕೊಂಡಿದ್ದಾರೆ, ಸಿಂಹದ ಕೆಳಗಿನ ವ್ಯತ್ಯಾಸ ಗಮನಿಸಿಲ್ಲ. ಜಾದೂಗಾರರ ಸಾಮಾನು ಮಾರುವವರು ಸಾಮಾನ್ಯವಾಗಿ ಇಷ್ಟು ಅಜಾಗರೂಕರಾಗಿರುವುದಿಲ್ಲ. ಇದು ಯಾರೋ ವರ್ಕ್‌ಶಾಪಿನಲ್ಲಿ ಬಿಡುವಿನಲ್ಲಿ ಮಾಡಿದ್ದು ಎಂದು ನನ್ನ ಊಹೆ. ದಪ್ಪ ಐದು ರೂಪಾಯಿಯನ್ನೇ ಆರಿಸಿದ್ದರಲ್ಲಿ ಮಾತ್ರ ಬುದ್ಧಿವಂತಿಕೆ ಇದೆ. ನಮ್ಮ ಮಾಮೂಲಿ ನಾಣ್ಯಗಳಲ್ಲಿ ಕೊರೆಯಲು ಇಷ್ಟು ದಪ್ಪ, ಇಷ್ಟು ಮೃದುವಾದ ಲೋಹ ಬೇರೆ ಎಲ್ಲಿದೆ? 2007ರಲ್ಲಿ ಬಂದ ಸ್ಟೀಲ್ ಐದು ರೂಪಾಯಿ ಬರೀ 6 ಗ್ರಾಂ, 2009ರಲ್ಲಿ ಬಂದ ಹಳದಿ ನಿಕ್ಕಲ್-ಹಿತ್ತಾಳೆಯದೂ 6 ಗ್ರಾಂ.

ಬೆಲೆಯ ವಿಚಾರ. ಟಂಕಸಾಲೆಯಿಂದ ಹೊರಬಂದ ಮೇಲೆ ಮಾಡಿದ ಯಾವ ಬದಲಾವಣೆಗೂ ನಾಣ್ಯ ಸಂಗ್ರಾಹಕರು ತಪ್ಪು-ನಾಣ್ಯದ ಬೆಲೆ ಕೊಡುವುದಿಲ್ಲ. ಜಾದೂ ಕಲಿಯುವ ಹುಡುಗರಿಗೆ ಕೌತುಕ, ಅಷ್ಟೆ. ವಾಟ್ಸಾಪಿನ ಲಕ್ಷದವರು ಮುಂದಿನ ಹೆಜ್ಜೆಯಲ್ಲಿ "ನೋಂದಣಿ ಶುಲ್ಕ", "ತೆರಿಗೆ", "ಕಮಿಷನ್" ಕೇಳಿದರೆ ನಂಬರ್ ಬ್ಲಾಕ್ ಮಾಡಿ. ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಬಳಸಿಯೇ ಹಳೆ ನಾಣ್ಯ-ನೋಟಿನ ವ್ಯವಹಾರಕ್ಕೆ ಹಣ ಕೇಳುತ್ತಾರೆಂದು ಬ್ಯಾಂಕು 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಅಂಥ ವ್ಯವಹಾರಕ್ಕೆ ಅದು ಯಾರಿಗೂ ಅಧಿಕಾರ ಕೊಟ್ಟಿಲ್ಲ.

ಮತ್ತೆ ಚಿಲ್ಲರೆಯಾಗಿ ಕೊಟ್ಟುಬಿಡೋಣ ಅನ್ನಬೇಡಿ. 2011ರ ನಾಣ್ಯ ಕಾಯ್ದೆ ಪ್ರಕಾರ ರೂಪ ಕೆಡಿಸಿದ ನಾಣ್ಯ ಕಾನೂನುಬದ್ಧ ಹಣವೇ ಅಲ್ಲ. ಗೊತ್ತಿದ್ದೂ ಮೋಸದಿಂದ ದಾಟಿಸುವುದು ಅಪರಾಧ. ಹೋಲಿಸಿ ನೋಡಲು ಒಳ್ಳೆಯ ನಾಣ್ಯವನ್ನು ಕತ್ತರಿಸುವ ಪ್ರಯೋಗವೂ ಬೇಡ, ನಾಣ್ಯ ಕರಗಿಸುವುದು ನಾಶಮಾಡುವುದು ಎರಡನ್ನೂ ಅದೇ ಕಾಯ್ದೆ ನಿಷೇಧಿಸುತ್ತದೆ.

---

ನಾಲ್ಕಾಣೆ ಉತ್ತರ:

ಇದೇ ದಾರಿಯಲ್ಲಿ ಒಂದು ಪ್ರಶ್ನೆ, ಮನ್ನಿಸಿ. 1989ರ ತಾಮ್ರ-ನಿಕ್ಕಲ್ ಒಂದು ರೂಪಾಯಿ, 26 ಮಿ.ಮೀ.ನದು. ಸಿಂಹದ ಬದಿಯಲ್ಲಿ ಕೆಲವು ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ಉಲ್ಟಾ, ಒಳಕ್ಕೆ ತಗ್ಗಾಗಿ ಇವೆ. ತೂಕ 5.96. ಇದೂ ಕೈಕೆಲಸವೇ?

---

ಬಿಲ್ಲೆಗಾರ ಉತ್ತರ:

ಆ ನಾಣ್ಯದ ನಿಗದಿತ ತೂಕ 6 ಗ್ರಾಂ, ಹಾಗಾಗಿ ತೂಕ ಇಲ್ಲಿ ಏನನ್ನೂ ಹೇಳುವುದಿಲ್ಲ. ಒಂದೇ ಪ್ರಶ್ನೆಗೆ ಉತ್ತರ ಹುಡುಕಿ: ಉಲ್ಟಾ ಅಕ್ಷರ ಇರುವ ಜಾಗದಲ್ಲಿ ಮೂಲ ಸಿಂಹದ ಚಿತ್ರ ಇನ್ನೂ ಇದೆಯೇ?

ಟಂಕಸಾಲೆಯಲ್ಲಿ, ಒತ್ತಿದ ನಾಣ್ಯ ಹೊರಬೀಳದೆ ಅಚ್ಚಿಗೇ ಅಂಟಿಕೊಂಡರೆ ಮುಂದಿನ ಬಿಲ್ಲೆಗೆ ಅಚ್ಚಿನ ಬದಲು ಆ ನಾಣ್ಯದ ಮುಖವೇ ಒತ್ತುತ್ತದೆ. ಆಗ ಉಲ್ಟಾ ತಗ್ಗು ಚಿತ್ರ ಇಡೀ ಮುಖವನ್ನು ಆವರಿಸುತ್ತದೆ. ಆ ಬದಿಗೆ ಅಚ್ಚು ತಾಗಿಯೇ ಇಲ್ಲವಾದ್ದರಿಂದ ಮಾಮೂಲಿ ಚಿತ್ರ ಅಡಿಯಲ್ಲಿ ಇರಲು ಸಾಧ್ಯವಿಲ್ಲ. ಇನ್ನೊಂದು ಬದಿ ಚೊಕ್ಕವಾಗಿರುತ್ತದೆ.

ಎರಡು ನಾಣ್ಯ ಮುಖಾಮುಖಿ ಇಟ್ಟು ವೈಸ್‌ನಲ್ಲಿ (ಎರಡು ದವಡೆಗಳ ನಡುವೆ ವಸ್ತುವನ್ನು ಬಿಗಿಹಿಡಿಯುವ ಉಪಕರಣ) ಬಿಗಿದರೆ ಅಥವಾ ಸುತ್ತಿಗೆಯಲ್ಲಿ ಹೊಡೆದರೆ, ಎತ್ತರದ ಅಕ್ಷರಗಳು ಮಾತ್ರ ಎದುರಿನ ನಾಣ್ಯಕ್ಕೆ ಒತ್ತುತ್ತವೆ. ಮೂಲ ಚಿತ್ರ ಹಾಗೇ ಇದ್ದು ಅದರ ಮೇಲೆ ಉಲ್ಟಾ ಅಕ್ಷರ ಹಾದುಹೋಗುತ್ತದೆ. ಹಿಂಬದಿಯ ಎತ್ತರದ ಭಾಗಗಳು ದವಡೆಗೆ ಸಿಕ್ಕಿ ಚಪ್ಪಟೆಯಾಗಿ ಹೊಳೆಯುತ್ತವೆ, ಕೆಲವೊಮ್ಮೆ ದವಡೆಯ ಗೆರೆಗಳೇ ಮೂಡಿರುತ್ತವೆ. "ಕೆಲವು ಅಕ್ಷರ" ಎಂದು ನೀವು ಬರೆದದ್ದು ನೋಡಿದರೆ ವೈಸ್ ಕೆಲಸ ಎಂದೇ ಅನಿಸುತ್ತದೆ. ಎರಡೂ ಬದಿಯ ಫೋಟೋ ಹಾಕಿ.

---

ಚಿಲ್ಲರೆಡಬ್ಬಿ ಉತ್ತರ:

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ, ಇದನ್ನು ಬಿಚ್ಚಿ ಒಳಗೆ ನೋಡಬಹುದೇ? ಫ್ರೀಜರ್‌ನಲ್ಲಿಟ್ಟರೆ ಕುಗ್ಗಿ ಬಿಟ್ಟುಕೊಳ್ಳುತ್ತದೆ ಎಂದು ಓದಿದ್ದೆ.

---

ಲೇತ್‌ಮೇಸ್ತ್ರಿ ಉತ್ತರ:

ಫ್ರೀಜರ್ ಪ್ರಯೋಜನವಿಲ್ಲ. ಬಟ್ಟಲೂ ಮುಚ್ಚಳವೂ ಒಂದೇ ಲೋಹ, ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ. ಹಿಡಿತ ಹಾಗೇ ಇರುತ್ತದೆ. ಈಗ ಒಳಗೆ ನೀರು ಬೇರೆ ಇದೆ.

0.07ರಲ್ಲಿ 0.04 ಮಾತ್ರ ನೀರು ತುಂಬಿದೆ. ಉಳಿದ ಜಾಗದಲ್ಲಿ ಅಂಟು ಇರಬೇಕು. ಫೆವಿಕ್ವಿಕ್ ಜಾತಿಯ ಅಂಟಾದರೆ ಅಸಿಟೋನ್‌ಗೆ ಕರಗುತ್ತದೆ. ಮುಚ್ಚಳ ಬಿಗಿಯಾದ ಗಾಜಿನ ಶೀಶೆಯಲ್ಲಿ ನಾಣ್ಯ ಮುಳುಗುವಷ್ಟು ಶುದ್ಧ ಅಸಿಟೋನ್ ಹಾಕಿ ಒಂದು ದಿನ ಬಿಡಿ. ಸಂದು ಕೂದಲಷ್ಟೇ ಇರುವುದರಿಂದ ಬೇಗ ಒಳಗೆ ಹೋಗದು, ಎರಡು ಮೂರು ದಿನವೂ ಬೇಕಾಗಬಹುದು. ಎಣ್ಣೆ ಬೆರೆಸಿದ ಉಗುರುಬಣ್ಣ ತೆಗೆಯುವ ದ್ರಾವಣ ಆಗುವುದಿಲ್ಲ. ಕಿಟಕಿ ತೆರೆದಿಡಿ, ಗ್ಯಾಸ್ ಒಲೆಯ ಹತ್ತಿರ ಸುಳಿಯಬೇಡಿ. ಅರಾಲ್ಡೈಟ್ ಥರದ ಎರಡು ಟ್ಯೂಬಿನ ಅಂಟಾದರೆ ಅಸಿಟೋನ್‌ಗೆ ಸುಲಭವಾಗಿ ಬಗ್ಗದು.

ತೆಗೆದ ಮೇಲೆ ಸೂಜಿ, ಬ್ಲೇಡ್ ತುರುಕಿ ಮೀಟಬೇಡಿ. ಬಟ್ಟಲಿನ ತೆಳು ಅಂಚು ಬಾಗಿದರೆ ಮತ್ತೆ ಮುಚ್ಚಳ ಕೂರುವುದಿಲ್ಲ. 22 ಮಿ.ಮೀ. ತೂತು ಇರುವ ದಪ್ಪ ವಾಷರ್ ಹುಡುಕಿ. ಅದರ ಮೇಲೆ ನಾಣ್ಯವನ್ನು 5 ಅಂಕಿಯ ಬದಿ ಕೆಳಗಾಗಿ ಇಡಿ, ಸುತ್ತಲಿನ ಅಂಚು ಮಾತ್ರ ವಾಷರ್ ಮೇಲೆ ಕೂರಬೇಕು. ಎರಡನ್ನೂ ಬೆರಳಲ್ಲಿ ಒತ್ತಿ ಹಿಡಿದು ಮರದ ಹಲಗೆಗೆ ಸಮತಟ್ಟಾಗಿ ಕುಟ್ಟಿ. ಬಟ್ಟಲು ವಾಷರ್‌ಗೆ ತಾಗಿ ನಿಲ್ಲುತ್ತದೆ, ಮುಚ್ಚಳ ತನ್ನ ತೂಕಕ್ಕೆ ಕೆಳಗೆ ಜಾರುತ್ತದೆ. ಐದಾರು ಏಟಿಗೆ ಬರದಿದ್ದರೆ ಮತ್ತೆ ಅಸಿಟೋನ್‌ಗೆ ಹಾಕಿ; ಏಟಿನ ಜೋರು ಹೆಚ್ಚಿಸಬೇಡಿ.

ಬಿಚ್ಚಿಕೊಂಡರೆ ಮುಚ್ಚಳದ ಬೆನ್ನಿನಲ್ಲಿ ಗ್ರಾಮಫೋನ್ ತಟ್ಟೆಯಂತೆ ಸುತ್ತು ಸುತ್ತು ಟೂಲ್ ಗೆರೆ ಕಾಣಿಸುತ್ತದೆ. ಅದರ ಫೋಟೋ ಇಲ್ಲಿ ಹಾಕಿ, ಯಾವ ಥರದ ಟೂಲು ಎಂದು ಹೇಳಬಹುದು. ಬಿಚ್ಚುವುದು ಬೇಡ ಎನಿಸಿದರೂ ಒಮ್ಮೆ ಅಸಿಟೋನ್‌ನಲ್ಲಿ ಅದ್ದಿ ತೆಗೆದು ಬಿಸಿಲಲ್ಲಿ ಒಣಗಿಸಿ, 8.37ಕ್ಕೆ ಇಳಿಯುವವರೆಗೆ ದಿನಕ್ಕೊಮ್ಮೆ ತೂಗುತ್ತಿರಿ. ಅದಕ್ಕಿಂತ ಕೆಳಗೆ ಹೋದರೆ ಅಂಟು ಕರಗಿ ಹೊರಬರುತ್ತಿದೆ ಎಂದೇ ತಿಳಿಯಿರಿ, ಆಗ ವಾಷರ್ ತೆಗೆದುಕೊಳ್ಳಬಹುದು.